ಸಾವಿರದ ನೂರಾ ಅರವತ್ತಮೂರು

ಭೋಸರಿಯಲ್ಲಿ ಗುರುವಾರ ಕರೆಂಟಿಲ್ಲ.
ಲೇತುಗಳು ಬಾಯಿ ಮುಚ್ಚಿಕೊಂಡರೆ
ಪಕ್ಕದ ಪೇಂಟ್ ಶೆಡ್ಡಿನ ಬೆಕ್ಕು ಸೀನಿದ್ದೂ ಕೇಳುತ್ತದೆ.
ಅಂಥ ದಿನವೇ ತಾಪ್ಕೀರ್ ಸಾಹೇಬರು
ವಾಪಸು ಬಂದ ಪೆಟ್ಟಿಗೆ ಒಡೆಸಿದರು:
ನಲವತ್ತು ತಗಡುಬಿಲ್ಲೆ, ಐದು ರೂಪಾಯಿ ನಾಣ್ಯದಗಲ.
ತಮ್ಮನ್ನು ಹಾದುಹೋಗುವ ಶಾಖ
ಎಷ್ಟೆಂದು ಹೇಳುವುದಷ್ಟೇ ಅವುಗಳ ಕೆಲಸ.
ಜೊತೆಗೊಂದು ಚೀಟಿ:
ನಿಮ್ಮ ಲೆಕ್ಕದ ಪ್ರಕಾರ
ಒಂದು ಬಿಲ್ಲೆಯ ಮೇಲೆ ಅನ್ನ ಬೇಯಿಸಬಹುದು.

ರೇಷ್ಮಾ ಮುಜಾವರ, ಬಾರ್ಶಿಯವಳು,
ಕೆಲಸಕ್ಕೆ ಸೇರಿ ಆರು ವಾರ,
ನೆಲದ ಎಣ್ಣೆಕಲೆ ನೋಡುತ್ತ ನಿಂತಳು.
ಹಳೆಯ ನಕ್ಷೆ ಗಂಟೆಗಿಷ್ಟು ಕಿಲೋಕ್ಯಾಲೊರಿ ಎನ್ನುತ್ತದೆ,
ಹೊಸ ಗಿರಾಕಿ ಮಿಲಿವ್ಯಾಟ್ ಕೇಳುತ್ತಾನೆ.
ಗುಣಿಸಿದ್ದು ಸರಿಯೇ ಇತ್ತು,
ಒಂದಕ್ಕೆ ಸಾವಿರದ ನೂರಾ ಅರವತ್ತಮೂರು.
ಬರೆಯುವಾಗ ಮಿಲಿ ಬಿಟ್ಟಿದ್ದಳು.
ಎರಡೇ ಅಕ್ಷರ.

ಹೆಸರಲ್ಲೇ ತಾಪವಿಟ್ಟುಕೊಂಡ ಸಾಹೇಬರು
ಬೈಯುವುದು ಮಾತ್ರ ತಣ್ಣಗೆ.
ಇರಸಂಗಪ್ಪ, ಇವಳಿಗೆ ಕಲಿಸು, ಅಂದು
ಸ್ಕೂಟರ್ ಹತ್ತಿದರು.

ಏನು ಕಲಿಸಲಿ?
ಇಪ್ಪತ್ತೆಂಟು ವರ್ಷ ಮರಾಠಿಯಲ್ಲಿ ಉಂಡಿದ್ದೇನೆ,
ಜಗಳಾಡಿದ್ದೇನೆ, ಚೀಟಿ ಹಣ ಕಟ್ಟಿದ್ದೇನೆ.
ಮಗ್ಗಿ ಮಾತ್ರ ಚಡಚಣದ ಶಾಲೆಯದೇ,
ಏಳೆಂಟ್ಲಿ ಐವತ್ತಾರು.
ಒಳಗೆ ಕನ್ನಡದಲ್ಲಿ ಗುಣಿಸಿ
ಹೊರಗೆ ಮರಾಠಿಯಲ್ಲಿ ಉತ್ತರ ಕೊಡುತ್ತೇನೆ.
ಇಷ್ಟು ವರ್ಷದಲ್ಲಿ ಒಂದು ದಶಾಂಶವೂ ಸೋರಿಲ್ಲ.
ಬೇರೇನೋ ಸೋರಿರಬಹುದು,
ಅದರ ಮೀಟರು ನಮ್ಮ ವರ್ಕ್‌ಶಾಪಿನಲ್ಲಿಲ್ಲ.

ಅಷ್ಟರಲ್ಲಿ ಕಟಿಂಗ್ ಬಂತು.
ನೋಡು, ಈ ಗ್ಲಾಸು ಆರುತ್ತ ಕೂತಿದೆ,
ಗಂಟೆಗೆ ಹತ್ತು ಕಿಲೋಕ್ಯಾಲೊರಿ ಅನ್ನು, ಅಂದಾಜು.
ಮಿಲಿವ್ಯಾಟಿನಲ್ಲಿ ಎಷ್ಟು?
ಮೇಜಿನ ಧೂಳಿನಲ್ಲಿ ಬೆರಳಾಡಿಸಿದಳು.
ಈ ಸಲ ಮಿಲಿ ಮೊದಲು ಬರೆದು
ಆಮೇಲೆ ಅದರ ಎಡಕ್ಕೆ ಅಂಕಿ ಜೋಡಿಸಿದಳು:
ಹನ್ನೊಂದು ಸಾವಿರದ ಆರುನೂರಾ ಮೂವತ್ತು.

ಕಾಕಾ, ನಮ್ಮ ನಾನಿಯ ಕಿವಿಯ ಮಶೀನು
ಎಷ್ಟು ತಿನ್ನುತ್ತದೆ?
ಒಂದೋ ಎರಡೋ.
ತುಸು ಹೊತ್ತು ತುಟಿ ಮಾತ್ರ ಅಲ್ಲಾಡಿತು.
ಹಾಗಾದರೆ ಒಂದು ಕಟಿಂಗಿನಲ್ಲಿ
ಐದು ಸಾವಿರದ ಎಂಟುನೂರು ನಾನಿಯರಿಗೆ ಕಿವಿ ಕೇಳಿಸುತ್ತದೆ!

ನಕ್ಕೆ. ಆಮೇಲೆ ಇಲ್ಲವೆನ್ನಬೇಕಾಯಿತು.
ಕಾಗದದ ಮೇಲೆ ಶಾಖಕ್ಕೆ ವ್ಯಾಟೆಂದು ಹೆಸರಿಡಲು
ದಮ್ಮಡಿ ಖರ್ಚಿಲ್ಲ.
ಅದನ್ನೇ ನಿಜಕ್ಕೂ ತಂತಿಗೆ ಹತ್ತಿಸಹೋದರೆ
ನೂರಕ್ಕೆ ಒಂದು ಕೈಗೆ ಬಂದರೆ ಬಂತು.
ಉಳಿದ ತೊಂಬತ್ತೊಂಬತ್ತು
ಗ್ಲಾಸಿನ ಅಂಚಿನಿಂದೆದ್ದು
ಭೋಸರಿಯ ಗಾಳಿಗೆ.

ಅಂದರೂ ಐವತ್ತೆಂಟು ನಾನಿಯರು,
ಅಂದಳು, ಬಿಡದೆ.

ಮೀಟರು ಸೆಲ್ಲಿನದು, ಗುರುವಾರಕ್ಕೆ ಹೆದರುವುದಿಲ್ಲ.
ವಾಪಸು ಬಂದ ಬಿಲ್ಲೆಯೊಂದನ್ನು
ವೈಸಿನ ಕಬ್ಬಿಣದ ಮೇಲಿಟ್ಟು
ಅಂಗೈ ಒತ್ತು ಅಂದೆ.
ಜನವರಿ. ಕಬ್ಬಿಣ ಕೊರೆಯುತ್ತಿತ್ತು.
ಇನ್ನೂರಾ ಹತ್ತು.
ನೂರಾ ಮೂವತ್ತು.
ತೊಂಬತ್ತು.
ನನ್ನ ಕೈ ಸೋಲುತ್ತಿದೆ ಕಾಕಾ.
ಸೋಲಲ್ಲ, ಕಬ್ಬಿಣ ನಿನ್ನ ಹದಕ್ಕೆ ಬರುತ್ತಿದೆ,
ಇಬ್ಬರೂ ಒಂದೇ ಆದರೆ
ಆ ಕಡೆಯಿಂದ ಈ ಕಡೆಗೆ ಏನೂ ದಾಟುವುದಿಲ್ಲ,
ಎಂದು ಹೇಳಹೋದವನಿಗೆ
ಹದಕ್ಕೆ ಮರಾಠಿಯಲ್ಲಿ ಏನನ್ನುತ್ತಾರೆ
ತಟ್ಟನೆ ಹೊಳೆಯಲಿಲ್ಲ.
ಬಾಯಿ ತೆರೆದವನು ಹಾಗೇ ಮುಚ್ಚಿದೆ.
ಅವಳು ಮೀಟರು ನೋಡುತ್ತಿದ್ದಳು, ಎಪ್ಪತ್ತೆಂಟು.

ಮಧ್ಯಾಹ್ನವೆಲ್ಲ ಹೊಸ ಲೇಬಲ್ಲು ಬರೆದಳು.
ಮಿಲಿ ಎಂಬುದು ಎಷ್ಟು ದಪ್ಪ ಬಂದಿತ್ತೆಂದರೆ
ಅಂಕಿಗಳು ಅದರ ನೆರಳಿಗೆ ನಿಂತ ಹಾಗಿದ್ದವು.
ಬೇಡವೆನ್ನಲಿಲ್ಲ.
ಮೂವತ್ತೇಳು ಮುಗಿದಾಗ
ನನ್ನ ಗ್ಲಾಸಿನ ನೆನಪಾಯಿತು.
ಅದರಿಂದ ಈಗ ಗಂಟೆಗೆ ಸೊನ್ನೆ,
ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಅಷ್ಟೇ.
ಎತ್ತಿ ಕುಡಿದೆ.
ತಳದಲ್ಲಿ ಸಕ್ಕರೆ ಇತ್ತು, ಕರಗದ್ದು.